ಯಂತ್ರಕ್ಕೆ ಮುಪ್ಪೆಂಬ ಮಿಥ್ಯಾವಾದ

ಲ್ಯಾಪ್‌ಟಾಪ್ ನಿಧಾನವಾಯಿತೆಂದರೆ ಅದಕ್ಕೆ ವಯಸ್ಸಾಯಿತೆಂದೇ ಅರ್ಥ, ವಯಸ್ಸಾದುದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದೊಂದೇ ಅದಕ್ಕೆ ಪರಿಹಾರ ಎಂಬ ಮಾತು ಇಂದು ನಮ್ಮ ಸೀಮೆಯಲ್ಲಿ ಎಷ್ಟು ಸರ್ವಸಮ್ಮತವಾಗಿ ಹೋಗಿದೆಯೆಂದರೆ, ಅದು ಪ್ರಮಾಣವನ್ನು ಅಪೇಕ್ಷಿಸತಕ್ಕ ಒಂದು ಅಭಿಪ್ರಾಯವೆಂಬುದನ್ನೇ ಜನ ಮರೆತು, ಪ್ರಕೃತಿನಿಯಮವನ್ನು ಒಪ್ಪಿಕೊಳ್ಳುವ ಹಾಗೆ ಅದನ್ನು ಒಪ್ಪಿಕೊಂಡುಬಿಟ್ಟಿದ್ದಾರೆ. ಸಿರಾ ಪೇಟೆಯ ಅಂಗಡಿಯವರು ಹಾಗೆ ಹೇಳುತ್ತಾರೆ. ಮಧುಗಿರಿಯ ಕಾಲೇಜಿನಲ್ಲಿ ಓದಿದವರು ಹಾಗೆ ಹೇಳುತ್ತಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣ ಗೌರಿಹಬ್ಬಕ್ಕೆ ಊರಿಗೆ ಬಂದವನು ತಂಗಿಯ ಲ್ಯಾಪ್‌ಟಾಪಿನ ಗುಂಡಿ ಒತ್ತಿ, ತೆರೆಯ ಮೇಲೆ ಸುತ್ತುತ್ತಲೇ ಇರುವ ಚುಕ್ಕೆಗಳನ್ನು ಸ್ವಲ್ಪ ಹೊತ್ತು ನೋಡಿ, "ಇದರ ಕಥೆ ಮುಗೀತು ಕಣಮ್ಮ, ಇಎಂಐನಲ್ಲಿ ಹೊಸದೊಂದು ತಗೊಂಡ್ಬಿಡು" ಎಂದು ತೀರ್ಪುಕೊಟ್ಟು ಎದ್ದುಹೋಗುತ್ತಾನೆ. ಆಪಾದನೆಯೇನು, ಸಾಕ್ಷಿಯೇನು ಎಂಬ ವಿಚಾರಣೆಯಿಲ್ಲದೆ ಕೊಟ್ಟ ತೀರ್ಪು ಅದು. ಅದು ಸುಳ್ಳೆಂದೂ, ಬರಿಯ ಸುಳ್ಳಾಗಿ ನಿಲ್ಲದೆ ಬಡವರ ಮನೆಯ ಮೇಲೆ ಹೇರಿದ ದಂಡವಾಗಿದೆಯೆಂದೂ ಸ್ಥಾಪಿಸುವುದು ಈ ಲೇಖನದ ಉದ್ದೇಶ.

ಹುಲಿಕುಂಟೆಯ ಸುತ್ತಿನ ನಾಡೆಂದರೆ ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ಬಯಲು. ವಿದ್ಯಾ ಇಲಾಖೆ ಇವನ್ನು ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಹೆಸರಿಟ್ಟಿದೆ. ಮುಗಿಲು ಇವನ್ನು ಕೂಡಿಸಿ ಮತ್ತೆ ಮತ್ತೆ ಬರದ ಪಟ್ಟಿಗೆ ಸೇರಿಸುತ್ತ ಬಂದಿದೆ. ಇಲ್ಲಿಯ ಮನೆಗಳೊಳಕ್ಕೆ ಲ್ಯಾಪ್‌ಟಾಪೆಂಬುದು ಸುಲಭವಾಗಿ ಬಂದ ವಸ್ತುವಲ್ಲ. ೨೦೧೯-೨೦ನೆಯ ಸಾಲಿನಲ್ಲಿ ರಾಜ್ಯಸರ್ಕಾರ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳ ಮೊದಲ ವರ್ಷದ ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೆಂದು ಉಚಿತವಾಗಿ ಹಂಚಿದವುಗಳಲ್ಲಿ ಕೆಲವು ಇಲ್ಲಿವೆ. ಬೆಂಗಳೂರಿನ ಕಂಪನಿಗಳು ಬಳಸಿ ಕೈಬಿಟ್ಟು, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಮಾರಾಟವಾದವು ಕೆಲವು; ಕಡಲೆಕಾಯಿ ಮಾರಿದ ಹಣಕ್ಕೆ ಸಂಘದ ಸಾಲವನ್ನು ಸೇರಿಸಿ ಕೊಂಡವು ಮತ್ತೆ ಕೆಲವು. ೨೦೨೫-೨೬ನೆಯ ಸಾಲಿನಲ್ಲಿ ಕರ್ನಾಟಕದಲ್ಲಿ ಉದ್ಯೋಗಖಾತರಿಯ ದಿನಗೂಲಿ ೩೭೦ ರೂಪಾಯಿಯಿತ್ತು. ಒಬ್ಬ ತಾಯಿ ನೂರು ದಿನ ಬಿಸಿಲಿನಲ್ಲಿ ನಿಂತು ಕೆರೆಯ ಹೂಳೆತ್ತಿ, ಬಂದ ಹಣದಲ್ಲಿ ಒಂದು ಕಾಸನ್ನೂ ಮನೆಯ ಖರ್ಚಿಗೆ ಮುಟ್ಟದೆ ಕೂಡಿಟ್ಟರೆ ೩೭,೦೦೦ ರೂಪಾಯಿಯಾಗುತ್ತದೆ. ಸಾಧಾರಣವಾದ ಒಂದು ಹೊಸ ಲ್ಯಾಪ್‌ಟಾಪಿನ ಬೆಲೆ ಹೆಚ್ಚುಕಡಿಮೆ ಅಷ್ಟೇ. "ಹೊಸದು ತಗೊ" ಎಂದು ಹಗುರವಾಗಿ ಆಡಿದ ಮಾತು ಯಾರ ಹೆಗಲ ಮೇಲೆ ಎಷ್ಟು ಭಾರವನ್ನು ಹೇರುತ್ತದೆಂಬುದನ್ನು ಅದನ್ನಾಡುವವರು ಈ ಲೆಕ್ಕದಿಂದ ತಿಳಿಯಬೇಕು. ಆ ಭಾರ ಅನಿವಾರ್ಯವೇ ಆಗಿದ್ದರೆ ಹೊರಬಹುದಾಗಿತ್ತು. ಅನಿವಾರ್ಯವಲ್ಲವೆಂಬುದು ನನ್ನ ವಾದ.

ಮೊದಲು ವಯಸ್ಸಿನ ಮಾತನ್ನೇ ಪರೀಕ್ಷಿಸೋಣ. ಲ್ಯಾಪ್‌ಟಾಪಿನಲ್ಲಿ ಲೆಕ್ಕ ಮಾಡತಕ್ಕ ಅಂಗ ಪ್ರೊಸೆಸರು. ಅದರ ತಾಳವನ್ನು ಹಿಡಿದಿರುವುದು ಸ್ಫಟಿಕದ ಒಂದು ಸಣ್ಣ ಚೂರು. ಎರಡು ಗಿಗಾಹರ್ಟ್ಸ್ ಎಂದು ಹೆಸರುಹೊತ್ತು ಬಂದ ಪ್ರೊಸೆಸರು ಸೆಕೆಂಡಿಗೆ ಇನ್ನೂರು ಕೋಟಿ ಸಲ ಮಿಡಿಯತಕ್ಕದ್ದು, ಹತ್ತು ವರ್ಷ ಕಳೆದ ಮೇಲೂ ಅದು ಅಷ್ಟೇ ಸಲ ಮಿಡಿಯಬಲ್ಲುದು. ಅದರಲ್ಲಿ ಸವೆಯತಕ್ಕ ಹಲ್ಲುಚಕ್ರವಿಲ್ಲ, ಸಡಿಲವಾಗತಕ್ಕ ಕೀಲಿಲ್ಲ. ಕೆಡುವುದಾದರೆ ಸಾಮಾನ್ಯವಾಗಿ ಒಮ್ಮೆಗೇ ಕೆಟ್ಟು ಯಂತ್ರ ಏಳದೆ ಹೋಗುತ್ತದೆ; ದಿನದಿನಕ್ಕೆ ಶಕ್ತಿಗುಂದುತ್ತ ನಡೆಯನ್ನು ತಗ್ಗಿಸುವ ಧರ್ಮ ಅದಕ್ಕಿಲ್ಲ. ಹಾಗಿದ್ದ ಮೇಲೆ, ನಿನ್ನೆ ಚುರುಕಾಗಿದ್ದ ಲ್ಯಾಪ್‌ಟಾಪ್ ಇಂದು ಒಂದು ಕಡತವನ್ನು ತೆರೆಯಲು ನಿಮಿಷಗಟ್ಟಲೆ ತೆಗೆದುಕೊಳ್ಳುವುದನ್ನು ನಾವು ಕಣ್ಣಾರೆ ಕಾಣುತ್ತೇವಲ್ಲ, ಅದಕ್ಕೆ ಸಮಾಧಾನವೇನು? ಸಮಾಧಾನ ಒಂದೇ ಮಾತಿನಲ್ಲಿದೆ: ಯಂತ್ರ ಕಾಯುತ್ತಿದೆ. ಅದರ ಕೆಲಸ ಕುಂಟುತ್ತಿರುವುದು ಕೈಲಾಗದೆ ಅಲ್ಲ. ಮಾಡಬೇಕಾದ ಕೆಲಸದ ಸಾಮಗ್ರಿ ಕೈಗೆ ಬಂದು ಮುಟ್ಟದೆ. ಆದುದರಿಂದ ಹಳೆಯ ಲ್ಯಾಪ್‌ಟಾಪಿನ ಮುಂದೆ ಕುಳಿತವನು ಕೇಳತಕ್ಕ ಪ್ರಶ್ನೆ ಇದಕ್ಕೆ ಎಷ್ಟು ವರ್ಷವಾಯಿತು ಎಂಬುದಲ್ಲ, ಇದು ಏನನ್ನು ಕಾಯುತ್ತಿದೆ ಎಂಬುದು.

ಈ ಪ್ರಶ್ನೆಗೆ ಉತ್ತರವನ್ನು ಯಂತ್ರವೇ ಹೇಳುತ್ತದೆ, ಕೇಳುವ ಮನಸ್ಸಿರಬೇಕಷ್ಟೆ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ಅದರಲ್ಲಿ ಪ್ರೊಸೆಸರು ಎಷ್ಟು ದುಡಿಯುತ್ತಿದೆ, ರ‍್ಯಾಮ್ ಎಷ್ಟು ತುಂಬಿದೆ, ಡಿಸ್ಕ್ ಎಷ್ಟು ತೊಡಗಿದೆ ಎಂಬ ಅಂಕಿಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ. ಈ ಸೀಮೆಯಲ್ಲಿ "ಸ್ಲೋ ಆಗಿದೆ, ಹ್ಯಾಂಗ್ ಆಗುತ್ತೆ" ಎಂದು ದೂರು ಹೊತ್ತು ಬರುವ ಯಂತ್ರಗಳಲ್ಲಿ, ಗುಂಡಿ ಒತ್ತಿದ ಮೊದಲ ಹತ್ತು ನಿಮಿಷ ಆ ಕಿಟಕಿಯಲ್ಲಿ ಕಾಣಸಿಗುವ ದೃಶ್ಯ ಪ್ರಾಯಶಃ ಒಂದೇ: ಪ್ರೊಸೆಸರಿನ ಅಂಕಿ ಹತ್ತು ಹದಿನೈದರ ಸುತ್ತ ಆಡುತ್ತಿರುತ್ತದೆ, ಡಿಸ್ಕಿನ ಅಂಕಿ ಮಾತ್ರ ನೂರಕ್ಕೇರಿ ಕೆಂಪಾಗಿ ಅಲ್ಲಿಯೇ ನಿಂತಿರುತ್ತದೆ. ಮುದಿಯಾಯಿತೆಂದು ನಾವು ದೂಷಿಸುವ ಪ್ರೊಸೆಸರು ತನ್ನ ಶಕ್ತಿಯಲ್ಲಿ ಐದರಲ್ಲೊಂದು ಪಾಲನ್ನೂ ಬಳಸಲಾಗದೆ ಸುಮ್ಮನೆ ಕುಳಿತಿದೆ. ಅದಕ್ಕೆ ಬೇಕಾದುದನ್ನು ತಂದುಕೊಡಬೇಕಾದ ಹಾರ್ಡ್ ಡಿಸ್ಕ್ ಉಸಿರು ಕಟ್ಟಿ ಓಡುತ್ತಿದೆ.

ಹಾರ್ಡ್ ಡಿಸ್ಕಿನ ಈ ಅಸಹಾಯಕತೆ ಎಲ್ಲಿಂದ ಬಂದದ್ದೆಂಬುದನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಇಡೀ ಮಿಥ್ಯಾವಾದದ ಬುಡ ಇಲ್ಲಿದೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಬಹುಮಟ್ಟಿಗೆ ಇರುವುದು ನಿಮಿಷಕ್ಕೆ ೫,೪೦೦ ಸುತ್ತು ತಿರುಗುವ ಲೋಹಲೇಪಿತ ತಟ್ಟೆ. ಎಂದರೆ ಸೆಕೆಂಡಿಗೆ ತೊಂಬತ್ತು ಸುತ್ತು. ತಟ್ಟೆಯ ಯಾವುದೋ ಒಂದು ಮೂಲೆಯಲ್ಲಿರುವ ಅಕ್ಷರಗಳನ್ನು ಓದಬೇಕಾದರೆ ಓದುವ ಮುಳ್ಳು ಮೊದಲು ಆ ಪಥದವರೆಗೆ ಸರಿಯಬೇಕು, ಸರಿದ ಮೇಲೆ ಬೇಕಾದ ಜಾಗ ತಿರುಗಿ ತನ್ನ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಈ ಎರಡು ಕಾಯುವಿಕೆಗಳನ್ನು ಕೂಡಿಸಿದರೆ, ಚೆದುರಿಬಿದ್ದ ಸಣ್ಣ ತುಣುಕುಗಳನ್ನು ಒಂದು ಸೆಕೆಂಡಿನಲ್ಲಿ ಅರವತ್ತು ಎಪ್ಪತ್ತಕ್ಕಿಂತ ಹೆಚ್ಚಾಗಿ ಆ ಡಿಸ್ಕ್ ಹೆಕ್ಕಿಕೊಡಲಾರದು. ವಿಂಡೋಸ್ ಏಳುವಾಗ ಅದು ಕೇಳುವುದಾದರೋ ಅಂತಹ ಸಾವಿರ ಸಾವಿರ ತುಣುಕುಗಳನ್ನು. ೧೯೫೬ರಲ್ಲಿ ಐಬಿಎಂ ಸಂಸ್ಥೆ ಲೋಕಕ್ಕೆ ಕೊಟ್ಟ ಮೊತ್ತಮೊದಲನೆಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ ೧,೨೦೦ ಸುತ್ತು ತಿರುಗುತ್ತಿತ್ತು. ಅಲ್ಲಿಂದ ಅರವತ್ತು ವರ್ಷಗಳಲ್ಲಿ ಪ್ರೊಸೆಸರುಗಳ ವೇಗ ಲಕ್ಷಾಂತರ ಪಟ್ಟು ಬೆಳೆದರೆ, ಲ್ಯಾಪ್‌ಟಾಪಿನ ತಟ್ಟೆಯ ತಿರುಗು ಬೆಳೆದದ್ದು ನಾಲ್ಕೂವರೆ ಪಟ್ಟು. ಈ ಅಂತರ ಲ್ಯಾಪ್‌ಟಾಪ್ ಕಾರ್ಖಾನೆಯಿಂದ ಹೊರಟ ದಿನವೇ ಅದರ ಒಳಗಿತ್ತು. ವಯಸ್ಸು ಅದನ್ನು ತಂದದ್ದಲ್ಲ. ದಿನ ಕಳೆದಂತೆ ಹೆಚ್ಚಿದ ತಂತ್ರಾಂಶದ ಹೊರೆ ಅದನ್ನು ಬಯಲಿಗೆಳೆಯಿತು, ಅಷ್ಟೆ.

ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಎಂಬ ಉಪಕರಣ ಅಂತಹ ತುಣುಕುಗಳನ್ನು ಸೆಕೆಂಡಿಗೆ ಹಲವು ಸಾವಿರ ಕೊಡಬಲ್ಲುದು. ಇದರಲ್ಲಿ ನಮಗೆ ಅತ್ಯಂತ ಉಪಯುಕ್ತವಾದ ಸಂಗತಿಯೆಂದರೆ, ಎರಡೂವರೆ ಅಂಗುಲದ ಸಾಟಾ ಎಸ್‌ಎಸ್‌ಡಿ ಹಳೆಯ ಹಾರ್ಡ್ ಡಿಸ್ಕಿನ ಅಳತೆಯಲ್ಲಿಯೇ, ಅದೇ ಕೊಂಡಿಯೊಡನೆಯೇ ಬರುತ್ತದೆ. ಹತ್ತು ಹನ್ನೆರಡು ವರ್ಷ ಹಿಂದಿನ ಲ್ಯಾಪ್‌ಟಾಪಿನಲ್ಲಿ ಕೂಡ ಬೆನ್ನಿನ ತಿರುಪುಗಳನ್ನು ಬಿಚ್ಚಿ, ಹಳೆಯದನ್ನು ಎಳೆದು, ಹೊಸದನ್ನು ಅದೇ ಗೂಡಿಗೆ ತಳ್ಳಿ, ವಿಂಡೋಸನ್ನು ಅದರ ಮೇಲೆ ಕೂರಿಸಿದರೆ ಕೆಲಸ ಮುಗಿಯಿತು. ಬೆಲೆ ಹೊಸ ಲ್ಯಾಪ್‌ಟಾಪಿನ ಹತ್ತರಲ್ಲೊಂದು ಪಾಲಿನ ಆಸುಪಾಸು. ಐದಾರು ನಿಮಿಷ ತೆಗೆದುಕೊಂಡು ಏಳುತ್ತಿದ್ದ ಯಂತ್ರ ಈ ಒಂದು ಬದಲಾವಣೆಯಿಂದ ಅರ್ಧ ನಿಮಿಷದೊಳಗೆ ಎದ್ದು ನಿಲ್ಲುವುದನ್ನು ಕಂಡವರಾರೂ ಮುಪ್ಪಿನ ಮಾತನ್ನು ಮತ್ತೆ ಆಡಲಾರರು. ಪ್ರೊಸೆಸರು ಅದೇ, ವರ್ಷಗಳೂ ಅವೇ. ಕಾಯುವಿಕೆ ಮಾತ್ರ ಹೋಯಿತು.

ಎರಡನೆಯ ಕಾಯುವಿಕೆ ರ‍್ಯಾಮಿನದು. ನಾಲ್ಕು ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಬ್ರೌಸರಿನ ಹತ್ತು ಹದಿನೈದು ಟ್ಯಾಬುಗಳನ್ನು ತೆರೆದಿಟ್ಟು ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ, ಆ ಟ್ಯಾಬುಗಳಲ್ಲಿ ಬಹುಪಾಲು ತಮ್ಮದೇ ಆದ ಒಂದೊಂದು ಪಾಲು ರ‍್ಯಾಮನ್ನು ಹಿಡಿದುಕೊಂಡಿರುತ್ತವೆ. ಜಾಗ ತೀರಿದೊಡನೆ ಯಂತ್ರ ರ‍್ಯಾಮಿನಲ್ಲಿದ್ದುದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ತರತೊಡಗುತ್ತದೆ. ಆ ಡಿಸ್ಕ್ ಮೇಲೆ ಹೇಳಿದ ತಿರುಗುವ ತಟ್ಟೆಯಾಗಿದ್ದರೆ ಬಾಣದ ಗುರುತು ಕೂಡ ಕದಲದೆ ನಿಲ್ಲುತ್ತದೆ. ಇಲ್ಲಿಯೂ ಔಷಧ ಸರಳ. ಖಾಲಿ ಗೂಡಿರುವ ಲ್ಯಾಪ್‌ಟಾಪಾದರೆ ಅದೇ ಜಾತಿಯ ಇನ್ನೊಂದು ನಾಲ್ಕು ಜಿಬಿ ಪಟ್ಟಿಯನ್ನು ಸೇರಿಸುವುದು. ಡಿಡಿಆರ್ ಮೂರರ ಗೂಡಿಗೆ ಡಿಡಿಆರ್ ನಾಲ್ಕರ ಪಟ್ಟಿ ಕೂರದೆಂಬುದನ್ನು ಮಾತ್ರ ಕೊಳ್ಳುವ ಮುನ್ನ ನೋಡಿಕೊಳ್ಳಬೇಕು. ಗುಂಡಿ ಒತ್ತಿದೊಡನೆ ಕೇಳದೆಯೇ ತಾವಾಗಿ ಏಳುವ ತಂತ್ರಾಂಶಗಳನ್ನು ಅದೇ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ನಿಲ್ಲಿಸುವುದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಮೂರನೆಯದು ನಮ್ಮ ನೆಲಕ್ಕೆ ವಿಶೇಷವಾಗಿ ಸೇರಿದ್ದು. ಹುಲಿಕುಂಟೆ ಹೋಬಳಿಯ ಒಂದು ಮನೆಯಲ್ಲಿ, ಬೀದಿಗೆ ಕಿಟಕಿಯಿದ್ದ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದ ಲ್ಯಾಪ್‌ಟಾಪೊಂದನ್ನು ಮೇಜಿನ ಮೇಲೆ ಬೋರಲಾಗಿಟ್ಟು ಬಿಚ್ಚಿದಾಗ ನಾನು ಕಂಡದ್ದನ್ನು ಇದ್ದಂತೆ ಹೇಳುತ್ತೇನೆ. ಪ್ರೊಸೆಸರಿನ ಶಾಖವನ್ನು ಹೊತ್ತು ತರುವ ತಾಮ್ರದ ಕೊಳವೆ ಯಂತ್ರದ ಅಂಚಿನಲ್ಲಿ ತೆಳುವಾದ ಲೋಹದ ಹಲ್ಲುಗಳ ಸಾಲಿಗೆ ಬಂದು ಮುಗಿಯುತ್ತದೆ. ಫ್ಯಾನು ಆ ಹಲ್ಲುಗಳ ನಡುವೆ ಗಾಳಿಯನ್ನು ಊದಿ ಶಾಖವನ್ನು ಹೊರಕ್ಕೆ ತಳ್ಳಬೇಕು. ಫ್ಯಾನಿಗೂ ಹಲ್ಲುಗಳಿಗೂ ನಡುವೆ ಕೆಮ್ಮಣ್ಣಿನ ಧೂಳು, ಹತ್ತಿಯ ಎಳೆ, ಕೂದಲು ಇವೆಲ್ಲ ಕೂಡಿ ಹೆಪ್ಪುಗಟ್ಟಿ ಕಂಬಳಿಯ ತುಂಡಿನಷ್ಟು ದಪ್ಪವಾದ ಒಂದು ಪದರ ನಿಂತಿತ್ತು. ಚಿಮಟದಿಂದ ಅದರ ಒಂದು ತುದಿಯನ್ನು ಹಿಡಿದೆಳೆದರೆ ಪದರಕ್ಕೆ ಪದರವೇ ಹರಿಯದೆ ಎದ್ದುಬಂದಿತು. ಪ್ರೊಸೆಸರಿನ ಮೇಲೆ ಶಾಖ ದಾಟಿಸಲು ಸವರಿದ್ದ ಪೇಸ್ಟು ಒಣಗಿ ಬಿರುಕುಬಿಟ್ಟು, ಉಗುರು ತಾಕಿಸಿದರೆ ಬೂದುಬಣ್ಣದ ಹುಡಿಯಾಗಿ ಉದುರುತ್ತಿತ್ತು. ಪ್ರೊಸೆಸರುಗಳು ನೂರು ಡಿಗ್ರಿಯ ಹತ್ತಿರಕ್ಕೆ ಕಾದಾಗ ತಮ್ಮನ್ನು ಸುಟ್ಟುಕೊಳ್ಳದಿರಲೆಂದು ತಾವೇ ವೇಗವನ್ನು ಇಳಿಸಿಕೊಳ್ಳುವಂತೆ ರಚಿತವಾದವು. ಆ ಯಂತ್ರ ಗಾಳಿಯಿಲ್ಲದೆ ಬೇಯುತ್ತ, ಜೀವ ಉಳಿಸಿಕೊಳ್ಳಲು ನಿಧಾನವಾಗಿತ್ತು. ಧೂಳನ್ನು ತೆಗೆದು, ಹಲ್ಲುಗಳನ್ನು ಬ್ರಷ್ಷಿನಿಂದ ಉಜ್ಜಿ, ಹೊಸ ಪೇಸ್ಟನ್ನು ಅವರೆಕಾಳಿನಷ್ಟು ಹಾಕಿ ಮುಚ್ಚಿದ ಮೇಲೆ ಫ್ಯಾನಿನ ಕೂಗು ನಿಂತಿತು, ವೇಗವೂ ಹಿಂದಿರುಗಿತು.

ಈ ಧೂಳಿನ ವಿಷಯದಲ್ಲಿ ಪಾವಗಡ ತಾಲ್ಲೂಕು ಒಂದು ದೊಡ್ಡ ಪಾಠವನ್ನು ಬಯಲಿನಲ್ಲಿಯೇ ಹರಡಿಟ್ಟಿದೆ. ತಿರುಮಣಿಯ ಸುತ್ತಿನ ಹಳ್ಳಿಗಳ ಸುಮಾರು ೧೩,೦೦೦ ಎಕರೆ ಭೂಮಿಯಲ್ಲಿ ೨೦೧೮ರಿಂದ ಹಂತಹಂತವಾಗಿ ಎದ್ದುನಿಂತ ಸೌರವಿದ್ಯುತ್ ಸ್ಥಾವರ ೨,೦೫೦ ಮೆಗಾವಾಟ್ ಸಾಮರ್ಥ್ಯದ್ದು. ಫಲಕಗಳ ಮೇಲೆ ಧೂಳು ಕುಳಿತರೆ ವಿದ್ಯುತ್ತಿನ ಉತ್ಪತ್ತಿ ಇಳಿಯುತ್ತದೆ. ಆದುದರಿಂದ ಫಲಕಗಳನ್ನು ಒರಸುವುದೇ ಅಲ್ಲಿ ಒಂದು ನಿತ್ಯದ ಉದ್ಯೋಗವಾಗಿದೆ. ಉತ್ಪತ್ತಿ ಇಳಿದ ದಿನ ಫಲಕಗಳಿಗೆ ವಯಸ್ಸಾಯಿತು, ಕಿತ್ತು ಬಿಸಾಡಿ ಎಂದು ಯಾವ ಎಂಜಿನಿಯರೂ ಹೇಳುವುದಿಲ್ಲ. ನೀರೋ ಬ್ರಷ್ಷೋ ತರಿಸುತ್ತಾನೆ. ಆಷಾಢದ ಗಾಳಿ ಎಬ್ಬಿಸುವ ಅದೇ ಧೂಳು ಅದೇ ತಾಲ್ಲೂಕಿನ ವಿದ್ಯಾರ್ಥಿಯ ಲ್ಯಾಪ್‌ಟಾಪಿನೊಳಗೆ ಕುಳಿತಾಗ ಮಾತ್ರ ನಮಗೆ ಬ್ರಷ್ಷಿನ ನೆನಪಾಗದೆ ಸಾಲದ ನೆನಪಾಗುವುದು ವಿವೇಕವಲ್ಲ. ಮಕ್ಕಳು ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಇಟ್ಟುಕೊಂಡು ಬಳಸುವುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಕೆಳಗಿನ ಗಾಳಿಯ ಕಿಂಡಿಗಳು ಮುಚ್ಚಿಹೋಗುತ್ತವೆ, ಒಂದು ಮರದ ಹಲಗೆ ಸಾಕು.

ಇನ್ನು ಹೊರೆಯ ಮಾತು. ಪ್ಯಾಸ್ಕಲ್ ಎಂಬ ಗಣಕಭಾಷೆಯನ್ನು ರಚಿಸಿದ ಸ್ವಿಟ್ಜರ್ಲೆಂಡಿನ ವಿದ್ವಾಂಸ ನಿಕ್ಲಾಸ್ ವಿರ್ಟ್ ೧೯೯೫ರಲ್ಲಿಯೇ ಒಂದು ಪ್ರಬಂಧ ಬರೆದು, ಯಂತ್ರಗಳು ಚುರುಕಾಗುವುದಕ್ಕಿಂತ ಶೀಘ್ರವಾಗಿ ತಂತ್ರಾಂಶ ಜಡವಾಗುತ್ತ ಹೋಗುತ್ತಿದೆಯೆಂದು ಎಚ್ಚರಿಸಿದ್ದರು. ಅದೇ ವರ್ಷ ಬಂದ ವಿಂಡೋಸ್ ೯೫ಕ್ಕೆ ಕನಿಷ್ಠವೆಂದು ವಿಧಿಸಿದ್ದ ರ‍್ಯಾಮ್ ನಾಲ್ಕು ಎಂಬಿ. ೨೦೨೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ೧೧ಕ್ಕೆ ವಿಧಿಸಿದ್ದು ನಾಲ್ಕು ಜಿಬಿ. ಇಪ್ಪತ್ತಾರು ವರ್ಷಗಳಲ್ಲಿ ಅಗತ್ಯ ಸಾವಿರ ಪಟ್ಟು ಬೆಳೆಯಿತು. ಒಬ್ಬ ವಿದ್ಯಾರ್ಥಿನಿ ಬರೆಯಬೇಕಾದ ಪ್ರಬಂಧದ ಪುಟಗಳಾಗಲಿ, ಗ್ರಾಮ ಪಂಚಾಯಿತಿಯ ಗುಮಾಸ್ತೆ ತುಂಬಬೇಕಾದ ನಮೂನೆಯ ಸಾಲುಗಳಾಗಲಿ ಬೆಳೆಯಲಿಲ್ಲ. ೨೦೦೦ದ ಸುಮಾರಿನಲ್ಲಿ ನಮ್ಮ ರಾಜ್ಯ 'ಭೂಮಿ' ಯೋಜನೆಯ ಮೂಲಕ ೬೭ ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿ, ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಕನ್ನಡದಲ್ಲಿ ಅಚ್ಚುಹಾಕಿ ಕೊಟ್ಟಿತು. ದೇಶವೇ ಬಂದು ನೋಡಿದ ಆ ಮಹಾಕಾರ್ಯವನ್ನು ಮಾಡಿದ ಅಂದಿನ ಕಚೇರಿಯ ಯಂತ್ರಗಳ ಶಕ್ತಿ, ನಾವಿಂದು ಗುಜರಿಯವನ ತಕ್ಕಡಿಗೆ ಎತ್ತಿಡುತ್ತಿರುವ ಯಾವ ಲ್ಯಾಪ್‌ಟಾಪಿನ ಶಕ್ತಿಗೂ ಸಮವಲ್ಲ. ಎರಡು ಕೋಟಿ ಪಹಣಿಗೆ ಸ್ಥಾನ ಕೊಟ್ಟ ಯಂತ್ರಕುಲ ಒಬ್ಬ ಹುಡುಗಿಯ ಪದವಿಯ ಓದಿಗೆ ಸಾಲದೆಂದರೆ, ಕೊರತೆಯನ್ನು ಯಂತ್ರದಲ್ಲಿ ಹುಡುಕುವುದು ಹೇಗೆ ನ್ಯಾಯವಾದೀತು?

ಮುಪ್ಪೆಂದು ತೋರುವುದು ಒಂದು ಬದಲಿಸಬಹುದಾದ ಭಾಗದ ಸವೆತವೆಂಬುದಕ್ಕೆ ಲೋಕಪ್ರಸಿದ್ಧವಾದ ಸಾಕ್ಷ್ಯವೂ ಇದೆ. ಹಳೆಯ ಐಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ತಾನೇ ತಗ್ಗಿಸಿದ್ದನ್ನು ಆಪಲ್ ಸಂಸ್ಥೆ ೨೦೧೭ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಸವೆದ ಬ್ಯಾಟರಿಯಿಂದ ಫೋನು ಹಠಾತ್ತನೆ ಆರದಿರಲೆಂದು ಹಾಗೆ ಮಾಡಿದೆವೆಂಬುದು ಅದರ ಸಮಜಾಯಿಷಿ. ಬ್ಯಾಟರಿ ಬದಲಿಸಿದೊಡನೆ ವೇಗ ಮರಳುತ್ತಿತ್ತು. ಆದರೆ ಅದಕ್ಕೆ ಮುನ್ನ ಎಷ್ಟೋ ಜನ ಫೋನಿಗೆ ವಯಸ್ಸಾಯಿತೆಂದು ನಂಬಿ ಹೊಸದನ್ನು ಕೊಂಡುಬಿಟ್ಟಿದ್ದರು. ಮೊಕದ್ದಮೆಗಳು ನಡೆದು, ೨೦೨೦ರಲ್ಲಿ ಸಂಸ್ಥೆ ೫೦ ಕೋಟಿ ಡಾಲರಿನವರೆಗೆ ಪರಿಹಾರ ತೆರಲು ಒಪ್ಪಬೇಕಾಯಿತು.

ಮುಪ್ಪಿನ ವಾದಕ್ಕೆ ಹತ್ತಿರದ ನೆಂಟನಾದ ಇನ್ನೊಂದು ಭ್ರಾಂತಿಯನ್ನು ಇಲ್ಲಿ ಬಿಡಲಾಗದು. ಹೊಸದು ಕೊಳ್ಳಲಾರದವರಿಗೆ ಪೇಟೆ ಕೊಡುವ ಸಮಾಧಾನವೆಂದರೆ ಒಂದು ಕ್ಲೀನರ್, ಒಂದು ಬೂಸ್ಟರ್. ಡಿಸ್ಕ್ ನೂರಕ್ಕೇರಿ ನಿಂತಿರುವ ಯಂತ್ರದ ಮೇಲೆ ಹಗಲಿರುಳು ಓಡುವ ಇನ್ನೊಂದು ತಂತ್ರಾಂಶವನ್ನು ಹೇರಿದರೆ ಅದು ಚುರುಕಾಗುವುದೆಂತು? ವಿಂಡೋಸಿನ ಒಳಗಿನ ದಾಖಲೆಯಾದ ರಿಜಿಸ್ಟ್ರಿಯನ್ನು ಶುಚಿಮಾಡುವ ಉಪಕರಣಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳಿದೆ. ಡೆಸ್ಕ್‌ಟಾಪಿನ ಮೇಲೆ ಮತ್ತೆ ಮತ್ತೆ ರಿಫ್ರೆಶ್ ಒತ್ತುವುದರಿಂದ ಚಿತ್ರಗಳು ಇನ್ನೊಮ್ಮೆ ಬರೆಯಲ್ಪಡುತ್ತವೆಯೇ ಹೊರತು ವೇಗ ಒಂದು ಕೂದಲಿನಷ್ಟೂ ಹೆಚ್ಚುವುದಿಲ್ಲ. ಫಾರ್ಮ್ಯಾಟ್ ಹೊಡೆಯುವುದರಲ್ಲಿ ಮಾತ್ರ ಸ್ವಲ್ಪ ಸತ್ಯವಿದೆ: ಕೂಡಿಬಿದ್ದ ಹೊರೆ ಅಂದಿಗೆ ಇಳಿಯುತ್ತದೆ. ಆದರೆ ತಿರುಗುವ ತಟ್ಟೆ ತಟ್ಟೆಯಾಗಿಯೇ ಉಳಿಯುವುದರಿಂದ ಕೆಲವು ತಿಂಗಳಲ್ಲಿ ಹೊರೆ ಮರಳಿ, ದೂರೂ ಮರಳುತ್ತದೆ. ಆಗ ಅಂಗಡಿಯವನು "ಫಾರ್ಮ್ಯಾಟ್ ಮಾಡಿದ್ರೂ ಆಗ್ಲಿಲ್ಲ, ಬೋರ್ಡೇ ವೀಕು" ಎನ್ನುತ್ತಾನೆ, ಮುಪ್ಪಿನ ವಾದಕ್ಕೆ ಇನ್ನೊಂದು ಸುಳ್ಳುಸಾಕ್ಷಿ ದೊರೆಯುತ್ತದೆ.

ಪ್ರತಿವಾದಿಗಳ ಅತ್ಯಂತ ಬಲವಾದ ಆಕ್ಷೇಪ ಬೇರೆಯದು, ಅದಕ್ಕೆ ಗೌರವದಿಂದಲೇ ಉತ್ತರ ಕೊಡಬೇಕು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ರಕ್ಷಣೆ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ ಟಿಪಿಎಂ ೨.೦ ಎಂಬ ರಕ್ಷಣಾ ಏರ್ಪಾಡನ್ನೂ ಬಹುಮಟ್ಟಿಗೆ ೨೦೧೭ರಿಂದೀಚಿನ ಪ್ರೊಸೆಸರನ್ನೂ ಬೇಡುತ್ತದೆ. ಆದುದರಿಂದ ಅದಕ್ಕೂ ಹಿಂದಿನ ಯಂತ್ರಗಳನ್ನು ಎಷ್ಟು ಚುರುಕುಗೊಳಿಸಿದರೂ ಅಂತರ್ಜಾಲದಲ್ಲಿ ಅವು ನಿರಾಯುಧವೆಂದು ಅವರು ಹೇಳುತ್ತಾರೆ. ರಕ್ಷಣೆಯಿಲ್ಲದ ವಿಂಡೋಸಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದೆಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದರಿಂದ ಸಿದ್ಧವಾಗುವುದು ಒಂದು ಕಂಪನಿ ತನ್ನ ತಂತ್ರಾಂಶಕ್ಕೆ ಕೊಟ್ಟ ಗಡುವೇ ಹೊರತು ಯಂತ್ರದ ಮರಣವಲ್ಲ. ಈ ಗಡುವಿನಿಂದ ಲೋಕದಲ್ಲಿ ೨೪ ಕೋಟಿ ಗಣಕಗಳು ಕಸವಾಗಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ ೨೦೨೩ರಲ್ಲಿ ಅಂದಾಜು ಮಾಡಿತ್ತು; ಕೆಡದ ಯಂತ್ರಗಳನ್ನು ಇಷ್ಟೊಂದು ಸಂಖ್ಯೆಯಲ್ಲಿ ತಿಪ್ಪೆಗೆ ಕಳುಹಿಸುವುದನ್ನು ಪ್ರಗತಿಯೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ದಾರಿ ಇದೆ. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನಲ್ಲಿ ಹಗುರವಾದ ಬಗೆಗಳು ಹಲವಿವೆ; ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯಾಗಲಿ, ಲುಬುಂಟುವಾಗಲಿ ಹಣವಿಲ್ಲದೆ ದೊರೆಯುತ್ತವೆ, ಎರಡು ನಾಲ್ಕು ಜಿಬಿ ರ‍್ಯಾಮಿನಲ್ಲಿ ನಡೆಯುತ್ತವೆ, ರಕ್ಷಣೆಯ ನವೀಕರಣವನ್ನೂ ಪಡೆಯುತ್ತವೆ. ಅದರಲ್ಲಿ ಕನ್ನಡ ಬರುವುದಿಲ್ಲವೆಂಬುದು ನಮ್ಮಲ್ಲಿ ಹಬ್ಬಿರುವ ಇನ್ನೊಂದು ಅಪವಾದ. ನುಡಿ ತಂತ್ರಾಂಶದಿಂದ ನಮ್ಮ ಬೆರಳುಗಳಿಗೆ ಅಭ್ಯಾಸವಾದ ಕಗಪ ಕೀಲಿಮಣೆ, ಎಂದರೆ ಕನ್ನಡ ಗಣಕ ಪರಿಷತ್ತಿನ ಹೆಸರನ್ನು ಹೊತ್ತ ಅದೇ ವಿನ್ಯಾಸ, ಲಿನಕ್ಸಿನ ಕೀಲಿಮಣೆಗಳ ಪಟ್ಟಿಯೊಳಗೇ ಇದೆ. ಬೇರೆ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಗಡಿಯಾಚೆ ಕಾಸರಗೋಡಿಗೆ ಹೋಗಿ ನೋಡಿದರೆ ಸಂಶಯ ಪೂರ್ತಿ ಪರಿಹಾರವಾಗುತ್ತದೆ. ಕೇರಳದ ಸರ್ಕಾರಿ ಶಾಲೆಗಳ ಗಣಕಗಳು ವರ್ಷಗಳಿಂದ ಸ್ವತಂತ್ರ ತಂತ್ರಾಂಶದ ಮೇಲೆ ನಡೆಯುತ್ತಿವೆ. ಅದರ ಹೊಣೆ ಹೊತ್ತ ಕೈಟ್ ಎಂಬ ಸರ್ಕಾರಿ ಸಂಸ್ಥೆ ಶಾಲೆಗಳಿಗೆಂದೇ ಸಿದ್ಧಪಡಿಸಿದ ಲಿನಕ್ಸಿನ ಮೇಲೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದ ಪಠ್ಯಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಗಣಕವಿದ್ಯೆಯನ್ನು ಕಲಿಯುತ್ತಿದ್ದಾರೆ. ಅಲ್ಲಿಯ ಕನ್ನಡದ ಮಗುವಿಗೆ ಸಾಧ್ಯವಾದದ್ದು ಇಲ್ಲಿಯ ಕನ್ನಡದ ಮಗುವಿಗೆ ಅಸಾಧ್ಯವೆನ್ನುವುದಕ್ಕೆ ಕಾರಣವೇನೂ ಇಲ್ಲ.

ಆದರೆ ಹೇಳಬೇಕಾದ ಮಿತಿಗಳನ್ನು ಮುಚ್ಚಿಡುವುದು ವಾದಧರ್ಮವಲ್ಲ. ಪೇಜ್‌ಮೇಕರಿನಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಡಿಟಿಪಿ ಅಂಗಡಿಗೂ, ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಮಂಡಿಗೂ ವಿಂಡೋಸ್ ಬೇಕು. ಅಂತಹವರು ಅಂತರ್ಜಾಲದ ಕೊಂಡಿ ಕಡಿದು ಹಳೆಯದನ್ನು ಇಟ್ಟುಕೊಳ್ಳಬಹುದು ಅಥವಾ ಹೊಸದನ್ನು ಕೊಳ್ಳಬಹುದು. ರ‍್ಯಾಮನ್ನೂ ಡಿಸ್ಕನ್ನೂ ಬೋರ್ಡಿಗೆ ಬೆಸೆದುಬಿಟ್ಟಿರುವ ತೆಳುವಾದ ಯಂತ್ರಗಳಲ್ಲಿ ಬದಲಿಸಲು ಏನೂ ಇಲ್ಲ. ಕೊಳ್ಳುವಾಗಲೇ ಅಂತಹವನ್ನು ಬಿಡಬೇಕು. ಎಂಜಿನಿಯರಿಂಗ್ ನಕ್ಷೆ, ವಿಡಿಯೊ ಸಂಕಲನ ಇವುಗಳಿಗೆ ನಿಜವಾಗಿಯೂ ಹೆಚ್ಚಿನ ಶಕ್ತಿ ಬೇಕು. ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಿದ್ದರೆ ಆ ಕ್ಷಣವೇ ಬಳಸುವುದನ್ನು ನಿಲ್ಲಿಸಿ, ತಿಳಿದವರಿಂದ ಅದನ್ನು ತೆಗೆಸಬೇಕು. ಅದು ಬೆಂಕಿಯ ವಿಷಯ. ಇವೆಲ್ಲವೂ ಯಂತ್ರವನ್ನು ಪರೀಕ್ಷಿಸಿ ತಿಳಿಯತಕ್ಕ ವಿಶೇಷಗಳು. ತಯಾರಾದ ವರ್ಷವೊಂದನ್ನೇ ಓದಿ ಹೇಳತಕ್ಕವಲ್ಲ.

ಎಸೆದ ಲ್ಯಾಪ್‌ಟಾಪ್ ಎಲ್ಲಿಗೆ ಹೋಗುತ್ತದೆಂಬುದನ್ನೂ ಯೋಚಿಸಬೇಕು. ಒಂದು ಲ್ಯಾಪ್‌ಟಾಪ್ ತನ್ನ ಆಯುಷ್ಯದಲ್ಲಿ ಗಾಳಿಗೆ ಸೇರಿಸುವ ಇಂಗಾಲದ ಬಹುಪಾಲು ಅದನ್ನು ತಯಾರಿಸುವಾಗಲೇ ಹೊರಟುಹೋಗಿರುತ್ತದೆ. ಇನ್ನು ನಾಲ್ಕು ವರ್ಷ ಬಳಸಿದರೆ ಆಗುವ ನಷ್ಟ ಅತ್ಯಲ್ಪ, ಹೊಸದನ್ನು ಮಾಡಿಸಿದರೆ ಮೊದಲಿನಿಂದ ಎಲ್ಲವೂ ಮತ್ತೊಮ್ಮೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ ೨೦೨೨ರಲ್ಲಿ ಲೋಕದಲ್ಲಿ ಉಂಟಾದ ವಿದ್ಯುನ್ಮಾನ ಕಸ ೬.೨ ಕೋಟಿ ಟನ್ನು. ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ನೂರಕ್ಕೆ ೨೨.೩ರಷ್ಟು. ದೇಶದಲ್ಲಿಯೇ ಮೊದಲನೆಯದೆಂದು ಹೆಸರಾದ ಅಧಿಕೃತ ವಿದ್ಯುನ್ಮಾನ ಕಸದ ಘಟಕ 'ಇ-ಪರಿಸರ' ೨೦೦೫ರಲ್ಲಿ ಆರಂಭವಾದದ್ದು ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ದಾಬಸ್‌ಪೇಟೆಯಲ್ಲಿ. ನಮ್ಮ ಬಸ್ಸುಗಳು ನಿತ್ಯ ಅದರ ಸಮೀಪದಲ್ಲಿಯೇ ಹಾದುಹೋಗುತ್ತವೆ. ಆದರೂ ನಮ್ಮ ಹಳ್ಳಿಯ ಲ್ಯಾಪ್‌ಟಾಪು ಹೋಗುವುದು ಬೀದಿಯಲ್ಲಿ ಕೂಗುತ್ತ ಬರುವ ಗುಜರಿಯವನ ಮೂಟೆಗೆ. ತಾಮ್ರಕ್ಕಾಗಿ ಸುಟ್ಟ ತಂತಿಯ ಹೊಗೆಯನ್ನು ಕುಡಿಯುವುದು ಯಾವುದೋ ಊರಿನ ಹೊರವಲಯದ ಕೂಲಿಯ ಮಕ್ಕಳು.

ಇಷ್ಟೆಲ್ಲ ಇದ್ದೂ ಮುಪ್ಪಿನ ವಾದ ಏಕೆ ಗೆಲ್ಲುತ್ತಿದೆ? ಒಂದು ಎಸ್‌ಎಸ್‌ಡಿ ಹಾಕಿಕೊಟ್ಟರೆ ಅಂಗಡಿಗೆ ಉಳಿಯುವುದಕ್ಕಿಂತ ಒಂದು ಹೊಸ ಲ್ಯಾಪ್‌ಟಾಪ್ ಮಾರಿದರೆ ಉಳಿಯುವುದು ಹೆಚ್ಚು. ಎಕ್ಸ್‌ಚೇಂಜ್ ಆಫರಿನ ಹಲಗೆ ಅಂಗಡಿಯ ಮುಂದೆ ತೂಗುತ್ತದೆ, ಧೂಳು ತೆಗೆದುಕೊಡುತ್ತೇವೆಂಬ ಹಲಗೆ ತೂಗುವುದಿಲ್ಲ. ಇದು ಸ್ಪಷ್ಟವೇ. ನನಗೆ ಹೆಚ್ಚು ನೋವನ್ನುಂಟುಮಾಡುವ ಕಾರಣ ಇನ್ನೊಂದಿದೆ. ಸಿರಾದಿಂದಲೋ ಪಾವಗಡದಿಂದಲೋ ಬೆಂಗಳೂರಿನ ಕಾಲೇಜಿಗೆ ಸೇರಿದ ಮಗು ತನ್ನ ದಪ್ಪನೆಯ ಹಳೆಯ ಲ್ಯಾಪ್‌ಟಾಪನ್ನು ಸಹಪಾಠಿಗಳ ಎದುರು ತೆರೆಯಲು ಸಂಕೋಚಪಡುತ್ತದೆ; ಆ ಸಂಕೋಚವನ್ನು ನೀಗಿಸಲು ತಂದೆ ಸಾಲ ಮಾಡುತ್ತಾನೆ. ರಿಪೇರಿ ಮಾಡಿಸಿದ ಎತ್ತಿನ ಗಾಡಿಯನ್ನೂ ಪಂಪ್‌ಸೆಟ್ಟನ್ನೂ ತಲೆಯೆತ್ತಿ ಬಳಸುವ ಮನೆತನದಲ್ಲಿ ರಿಪೇರಿ ಮಾಡಿಸಿದ ಲ್ಯಾಪ್‌ಟಾಪು ಅವಮಾನವೆಂಬ ಭಾವನೆ ಹುಟ್ಟಿದ್ದು ಆ ಮನೆತನದ ದೋಷವಲ್ಲ. ಹಳೆಯದೆಂದರೆ ಹೀನವೆಂದು ಹಗಲಿರುಳು ಜಾಹೀರಾತಿನಲ್ಲಿ ಬೋಧಿಸಿದವರ ದೋಷ ಅದು, ಅದನ್ನು ಕೇಳಿಯೂ ತಿದ್ದದ ನಮ್ಮಂತಹ ಓದುಬಲ್ಲವರ ದೋಷವೂ ಅದೇ.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳನ್ನು ನಾನು ಕೇಳುವುದು ಇಷ್ಟು. ಗಣಕವಿಭಾಗದ ಒಂದು ಮೂಲೆಯಲ್ಲಿ ಒಂದು ಮೇಜು, ತಿರುಪುಳಿಗಳ ಒಂದು ಪೆಟ್ಟಿಗೆ, ಬ್ರಷ್ಷು, ಪೇಸ್ಟು, ಲಿನಕ್ಸ್ ತುಂಬಿದ ಎರಡು ಪೆನ್ ಡ್ರೈವು ಇಡಲಿ. ವಾರಕ್ಕೊಂದು ಮಧ್ಯಾಹ್ನ ಬಿಸಿಎ ವಿದ್ಯಾರ್ಥಿಗಳು ಉಪನ್ಯಾಸಕರ ಎದುರಿನಲ್ಲಿ ತಮ್ಮ ಊರಿನವರ ಲ್ಯಾಪ್‌ಟಾಪುಗಳನ್ನು ಬಿಚ್ಚಿ ನೋಡಲಿ. ಎಸ್‌ಎಸ್‌ಡಿಗಳನ್ನು ಒಬ್ಬೊಬ್ಬರಾಗಿ ಕೊಳ್ಳುವ ಬದಲು ಐವತ್ತು ಜನ ಸೇರಿ ಎಸ್.ಪಿ. ರಸ್ತೆಯಿಂದ ಒಟ್ಟಿಗೆ ತರಿಸಿದರೆ ಬೆಲೆಯೂ ಇಳಿಯುತ್ತದೆ. ಲ್ಯಾಪ್‌ಟಾಪ್ ಹಂಚುವುದಕ್ಕೆ ನೂರಾರು ಕೋಟಿ ತೆಗೆದಿಟ್ಟ ಸರ್ಕಾರ, ಹಂಚಿದವು ಮೂಲೆ ಸೇರದಂತೆ ನೋಡಿಕೊಳ್ಳಲು ಅದರಲ್ಲಿ ನೂರಕ್ಕೆ ಒಂದು ರೂಪಾಯಿಯನ್ನು ಕಾಲೇಜುಗಳ ಈ ಮೇಜಿಗೆ ಕೊಡಲಿ. ಮುಂದೆ ಕೊಳ್ಳುವ ಲ್ಯಾಪ್‌ಟಾಪುಗಳ ಟೆಂಡರಿನಲ್ಲಿ ರ‍್ಯಾಮ್, ಡಿಸ್ಕ್, ಬ್ಯಾಟರಿ ಮೂರೂ ತಿರುಪು ಬಿಚ್ಚಿ ಬದಲಿಸುವಂತಿರತಕ್ಕದ್ದೆಂಬ ಒಂದು ಷರತ್ತನ್ನು ಬರೆಸಲಿ.